ಬಡಿದು ನೋಡಿ ಕೊಂಡ ಕಾರು

ಯಾರ ಮನೆಗೆ ಹೋದರೂ ಕೂರುವ ಮೊದಲು ನಾನು ಅವರ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು ನೋಡುತ್ತೇನೆ. ಬೇಕೆಂದು ಮಾಡುವುದಲ್ಲ, ಕೈ ತಾನಾಗಿ ಹೋಗುತ್ತದೆ. ಹೆಣ್ಣು ನೋಡಲು ಬಸವಕಲ್ಯಾಣಕ್ಕೆ ಹೋದಾಗಲೂ ಹೀಗೇ ಆಯಿತು. ಹುಡುಗಿ ಚಹಾದ ತಟ್ಟೆ ಹಿಡಿದು ಹೊರಗೆ ಬರುವ ಹೊತ್ತಿಗೆ ವರ ಮಹಾಶಯ ಪಡಸಾಲೆಯ ಗೋಡೆಗೆ ಕಿವಿಗೊಟ್ಟು ನಿಂತಿದ್ದ. ನಾನು ಅವರ ಆಸ್ತಿ ಅಳೆಯುತ್ತಿದ್ದೇನೆಂದು ಮಾವನವರು ಮುಖ ಗಂಟು ಹಾಕಿಕೊಂಡರು. ಸುಮಂಗಲಾ ಮಾತ್ರ ಸೆರಗಿನ ಮರೆಯಲ್ಲಿ ನಕ್ಕಳು. ಮದುವೆಯಾಗಿ ಇಷ್ಟು ವರ್ಷವಾದರೂ ಜಗಳ ಬಂದಾಗ ಆಕೆ ಆ ದಿನವನ್ನು ಬಿಡುವುದಿಲ್ಲ. "ಗೋಡಿ ಬಡ್ದು ನೋಡಿದ್ರಿ, ಮನುಷ್ಯಾರ್ನ ಬಡ್ದು ನೋಡ್ಲಿಲ್ಲ. ಈಗ ಅನುಭವಿಸ್ರಿ," ಎನ್ನುತ್ತಾಳೆ.

ಈ ಚಟ ನನ್ನೊಬ್ಬನದಲ್ಲ. ನಮ್ಮ ಊರಿನವರನ್ನು ಎಲ್ಲಿ ಬೇಕಾದರೂ ಗುರುತಿಸಬಹುದು, ಉಮರ್ಗಾದ ಆಸ್ಪತ್ರೆಯಲ್ಲಾಗಲಿ ನಿಲಂಗಾದ ಕಚೇರಿಯಲ್ಲಾಗಲಿ ಒಳಗೆ ಬಂದವರು ಮೊದಲು ಗೋಡೆ ಬಡಿದು ಆಮೇಲೆ ಕುರ್ಚಿ ಎಳೆದುಕೊಂಡರೆ ಅವರು ನಮ್ಮವರೇ. ನಮ್ಮ ಊರಿಗೆ ಊರೇ ಬಿದ್ದ ಆ ಭೂಕಂಪವಾದ ಮೇಲೆ ಬಂದ ರೂಢಿ ಇದು. ಗೋಡೆ ದಪ್ಪವೋ ತೆಳುವೋ, ಮೇಲೆ ಬಿದ್ದರೆ ಎಷ್ಟು ಭಾರ ಎಂದು ತಿಳಿದುಕೊಳ್ಳಲು ಬಡಿಯುತ್ತೇವೆ ಎಂದೇ ನಾನು ನಂಬಿದ್ದೆ. ಅವ್ವ ಬಡಿಯುತ್ತಿದ್ದಳು, ನೋಡಿ ನಾನೂ ಕಲಿತೆ. ಯಾಕೆ ಎಂದು ಕೇಳುವ ಪ್ರಸಂಗವೇ ಬರಲಿಲ್ಲ.

ಈಗ ಇದೆಲ್ಲ ನೆನಪಾಗಲು ಕಾರಣ ನಮ್ಮ ಶಾಲೆಯ ಜಾಧವ ಸರ್. ಅವರಿಗೆ ಕಾರು ಕೊಳ್ಳಬೇಕಾಗಿದೆ. ದಿನಾ ಪ್ರಾರ್ಥನೆ ಮುಗಿದ ಕೂಡಲೇ ನನ್ನ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೈರಿಗೆ ಚಪ್ಪಲಿಯಿಂದ ಮೆಲ್ಲಗೆ ಒದ್ದು, "ಗಾಡಿ ಕಶೀ ಆಹೆ ಸರ್? ಘ್ಯಾಯಚೀ ಕಾ?" ಎನ್ನುತ್ತಾರೆ. ಗಾಡಿ ಹೇಗಿದೆ, ಕೊಳ್ಳಬಹುದೇ ಎಂಬ ಸರಳ ಪ್ರಶ್ನೆ. ಹೌದು ಅಥವಾ ಇಲ್ಲ ಎಂದರೆ ಮುಗಿಯಿತು. ಆದರೆ ಎರಡು ತಿಂಗಳಿಂದ ನಾನು "ನೋಡೋಣ ಸರ್, ಹೇಳ್ತೀನಿ" ಎನ್ನುತ್ತಲೇ ಇದ್ದೇನೆ. ಅವರು ನನ್ನನ್ನು ಮಹಾ ಗುಟ್ಟಿನ ಮನುಷ್ಯ ಎಂದುಕೊಂಡಿದ್ದಾರೆ. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ಕಂಪನಿಯ ಹೆಸರು ಬೇಡ. ಹೇಳಿದರೆ ನನ್ನನ್ನು ಅವರ ಏಜೆಂಟ್ ಎನ್ನುತ್ತೀರಿ. ಕಡಿಮೆ ಬೆಲೆಯ ಕಾರು, ನಮ್ಮ ಕಡೆ ಅದಕ್ಕೆ 'ಡಬ್ಬಿ' ಎಂದೇ ಹೆಸರು. ಮೊದಲ ಸಲ ಆ ಕಂಪನಿಯ ಗಾಡಿ ನಮ್ಮ ತಾಲೂಕಿಗೆ ಬಂದಾಗ ಅದರ ಬಾಗಿಲನ್ನು ಎರಡು ಸಲ ಹಾಕಬೇಕಾಗುತ್ತಿತ್ತು, ಒಂದು ಸಲ ಕಂಪನಿಗೆ, ಇನ್ನೊಂದು ಸಲ ನಮಗೆ. ಯೆಣೆಗೂರಿನ ಧಾಬಾದ ಮುಂದೆ ಒಬ್ಬ ಗೃಹಸ್ಥರು ಬಾಗಿಲು ಹಾಕಿದಾಗ ಹಿಡಿಕೆ ಕಿತ್ತು ಕೈಗೇ ಬಂತು. ಅವರು ಸಾವಕಾಶ ಅದನ್ನು ಜೇಬಿಗೆ ಹಾಕಿಕೊಂಡು ಊಟಕ್ಕೆ ಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮಳೆಗಾಲದಲ್ಲಿ ಅದರೊಳಗೆ ಕೊಡೆ ಹಿಡಿದು ಕೂರುತ್ತಾರೆ ಎಂಬ ಮಾತೂ ಇತ್ತು, ಅದನ್ನು ಮಾತ್ರ ಕಂಡಿಲ್ಲ.

ಇತ್ತೀಚೆಗೆ ಹವೆ ಬದಲಾಯಿತು. ಬಸ್‌ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟಿರುವ ರಫೀಕ್ ನನ್ನ ಬಾಲ್ಯದ ಗೆಳೆಯ. ಅವನ ಬಾಯಲ್ಲಿ ಯಾವ ಕಾರಿನ ಬಗ್ಗೆಯೂ ಒಳ್ಳೆಯ ಮಾತು ಬಂದದ್ದಿಲ್ಲ, ಎಲ್ಲ ಕಾರುಗಳ ಹೊಟ್ಟೆಯನ್ನೂ ಬಿಚ್ಚಿ ನೋಡಿದವನು. ಅಂಥವನು ಒಂದು ದಿನ ಎಣ್ಣೆಯ ಕೈ ಒರೆಸಿಕೊಳ್ಳುತ್ತ ಹೇಳಿದ.

"ಮಾಸ್ತರ, ಪೈಲೆ ಡಬ್ಬಿ ಇತ್ತು, ಖರೆ. ಈಗ ಕಂಪನಿ ಭಾಳ ಸುಧಾರಿಸ್ಯಾದ. ಪತ್ರಾ ದಪ್ಪ ಮಾಡ್ಯಾರ, ಬಾಕಲಾ ಹಾಕಿದ್ರ ಧಪ್ ಅಂತದ. ವಾರಂಟಿ ಸುದ್ದಾ ಹೆಚ್ಚಿಗಿ ಮಾಡ್ಯಾರ. ತನ್ನ ಮಾಲಿನ ಮ್ಯಾಲ ಭರೋಸಾ ಇಲ್ದ ಯಾರೂ ಇಷ್ಟು ವರ್ಷ ಬರ್ದು ಕೊಡಂಗಿಲ್ಲ."

ಪತ್ರಾ ಎಂದರೆ ತಗಡು. ಆ ಮಾತಿನಲ್ಲೇ ನನ್ನ ತೊಡಕು ಇತ್ತು. ಯಾಕೆಂದರೆ ಕಾರು ಬೇಕಾದದ್ದು ನನಗಲ್ಲ, ಅವ್ವನಿಗೆ. ಮತ್ತು ಅವ್ವನಿಗೆ ಲೋಕದಲ್ಲಿ ನಂಬಿಕೆ ಇರುವುದು ತೆಳು ತಗಡಿನ ಮೇಲೆ ಮಾತ್ರ.

ನಮ್ಮದು ಉಮರ್ಗಾ ಮತ್ತು ಕಾಸಾರಶಿರಸಿಯ ನಡುವಿನ ಒಂದು ಊರು. ಅಪ್ಪ ಒಕ್ಕಲುತನದವನು, ಹಣೆತುಂಬ ವಿಭೂತಿ, ಲಿಂಗಪೂಜೆಯಾಗದೆ ಹೊಲಕ್ಕೆ ಹೋದವನಲ್ಲ. ಅವನಿಗೆ ಮನೆಯ ಬಗ್ಗೆ ವಿಪರೀತ ಹೆಮ್ಮೆ. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಮೇಲೆ ತೇಗದ ತೊಲೆ, ತೊಲೆಯ ಮೇಲೆ ಮಣ್ಣಿನ ಮಾಳಿಗೆ. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಸುತ್ತಿದ್ದ. ಹಳೆಯ ಮಣ್ಣು ತೆಗೆಯುತ್ತಿರಲಿಲ್ಲ. ನಾನು ಆ ಮೆತ್ತನೆಯ ಮಣ್ಣಿನಲ್ಲಿ ಕುಣಿದು ಕುಣಿದು ಅಜ್ಜನ ಕಾಲದ ಭಾರಕ್ಕೆ ನನ್ನ ಕಾಲದ್ದನ್ನೂ ಸೇರಿಸಿದ್ದೇನೆ. ಅತಿಥಿಗಳು ಬಂದರೆ ಅಪ್ಪ ಅಂಗೈಯಿಂದ ಗೋಡೆಗೆ ಒಂದು ಏಟು ಕೊಟ್ಟು, "ಏಳು ತಲಿ ತಡೀತದ ನೋಡ್ರಿ," ಎನ್ನುತ್ತಿದ್ದ. ನನಗೆ ತಿಳಿದ ಮೊದಲ ವಾರಂಟಿ ಅದು. ಮೂರನೇ ತಲೆಗೇ ಮುಗಿಯಿತು.

ಆ ವರ್ಷ ನಾನು ಉದಗೀರದಲ್ಲಿ ದೊಡ್ಡವ್ವನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದೆ. ದೊಡ್ಡವ್ವ ಎಂದರೆ ಅವ್ವನ ಅಕ್ಕ. ಭೂಕಂಪದ ಸುದ್ದಿ ಬಂದು, ದಾರಿ ಸಿಕ್ಕು, ನಾನು ಊರು ಮುಟ್ಟಿದ್ದು ಮೂರನೆಯ ದಿನ. ಅಪ್ಪನ ಮುಖ ನೋಡಲು ಸಿಗಲಿಲ್ಲ. ಅವ್ವ ಉಳಿದದ್ದು ತಗಡಿನಿಂದ. ಆಕಳು ಈಯುವುದಿತ್ತೆಂದು ಆಕೆ ಹಿತ್ತಲಿನ ತಗಡಿನ ಚಾಚಿನ ಕೆಳಗೆ ಮಲಗಿದ್ದಳು. ಅದೂ ಬಿತ್ತು. ಬಿದ್ದರೂ ಕಾಲು ಮುರಿದು ಬಿಟ್ಟಿತೇ ಹೊರತು ಜೀವ ತೆಗೆಯಲಿಲ್ಲ. ಅಂದಿನಿಂದ ಅವ್ವನ ಲೆಕ್ಕದಲ್ಲಿ ಗಟ್ಟಿ ಎಂಬುದು ಬೈಗುಳ.

ಉಮರ್ಗಾದಲ್ಲಿ ನಾನು ಸ್ಲ್ಯಾಬಿನ ಮನೆ ಕಟ್ಟಿದಾಗ ಆಕೆ ಒಳಗೆ ಬಂದು, ಗೋಡೆ ಬಡಿದು, ಹೊರಗೆ ಹೋದಳು. ಅಂಗಳದಲ್ಲಿ ತಗಡಿನದೊಂದು ಖೋಲಿ ಹಾಕಿಸಿಕೊಂಡಳು. ಬೇಸಿಗೆಯಲ್ಲಿ ಅದರೊಳಗೆ ಹಪ್ಪಳ ಒಣಗಿಸಬಹುದು. ತಲೆದಿಂಬಿನ ಪಕ್ಕದಲ್ಲಿ ಒಂದರ ಮೇಲೊಂದು ಸ್ಟೀಲಿನ ಲೋಟ ಪೇರಿಸಿಟ್ಟಿರುತ್ತಾಳೆ, ನೆಲ ಅಲುಗಿದರೆ ಲೋಟ ಬಿದ್ದು ಎಚ್ಚರವಾಗಲಿ ಎಂದು. ಭೂಕಂಪವಾದ ಹೊಸತಿನಲ್ಲಿ ಎಲ್ಲರ ತಾತ್ಕಾಲಿಕ ಶೆಡ್ಡಿನಲ್ಲೂ ಹೀಗೆ ಲೋಟಗಳಿದ್ದವು. ಒಮ್ಮೆ ಒಂದು ಬೆಕ್ಕು ಯಾರದೋ ಲೋಟ ಉರುಳಿಸಿತು. ಆ ಸದ್ದಿಗೆ ಪಕ್ಕದವರು ಓಡಿದರು, ಓಡಿದ ರಭಸಕ್ಕೆ ಅವರ ಲೋಟ ಬಿತ್ತು, ಅದಕ್ಕೆ ಅವರಾಚೆಯವರು ಓಡಿದರು, ಹೀಗೆ ಇಡೀ ವಸತಿ ಬಯಲಿಗೆ ಬಂದು ನಿಂತಿತ್ತು. ಬೆಕ್ಕು ಮಾತ್ರ ಒಳಗೇ ಕೂತು ಹಾಲು ಕುಡಿಯಿತು.

ಸರಕಾರ ನಮಗೆ ಹೊಸ ಊರು ಕಟ್ಟಿಕೊಟ್ಟಿತು, ಹಳೆಯದಕ್ಕಿಂತ ಎರಡು ಮೈಲಿ ದೂರ. ಎಲ್ಲ ಮನೆಗಳೂ ಒಂದೇ ತರಹ, ಸಾಲಾಗಿ, ನಂಬರು ಹಚ್ಚಿದವು. ಹಳೆಯ ಊರಿನಲ್ಲಿ ಜಾಲಿ ಬೆಳೆಯಿತು. ಆದರೆ ರಸ್ತೆಯ ಮೇಲಿನ ಬಸ್ಸಿಗೆ ಈ ಸುದ್ದಿ ತಲುಪಿದಂತೆ ಕಾಣಲಿಲ್ಲ. ಹಳೆ ಊರಿಗೆ ತಿರುಗುವ ಫಾಟಾ, ಅಂದರೆ ಕವಲುದಾರಿ, ಬಂದ ಕೂಡಲೇ ಕಂಡಕ್ಟರ್ ಗಂಟೆ ಬಾರಿಸುತ್ತಿದ್ದ, ಬಸ್ಸು ನಿಲ್ಲುತ್ತಿತ್ತು. ಯಾರೂ ಹತ್ತುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಇಳಿಯಲು ಊರೇ ಇರಲಿಲ್ಲ. ಸ್ವಲ್ಪ ಹೊತ್ತು ಇಂಜಿನ್ನಿನ ಗುರುಗುಡುವಿಕೆ, ಮತ್ತೆ ಎರಡು ಸಲ ಗಂಟೆಯ ಸದ್ದು, ಬಸ್ಸು ಮುಂದೆ. ಕಂಡಕ್ಟರು ಬದಲಾದರು, ಡ್ರೈವರು ಬದಲಾದರು, ಈ ನಿಲ್ಲುವುದು ಬದಲಾಗಲಿಲ್ಲ. ಒಬ್ಬ ಹೊಸ ಕಂಡಕ್ಟರನನ್ನು ಯಾಕೆ ನಿಲ್ಲಿಸುತ್ತೀರಿ ಎಂದು ಕೇಳಿದೆ. ಅವನು ನನ್ನನ್ನೇ ವಿಚಿತ್ರವಾಗಿ ನೋಡಿ, "ಯಾರೋ ಕೈ ಮಾಡಿದಂಗಿತ್ತು," ಎಂದ.

ಅವ್ವ ಆ ಫಾಟಾ ಬಂದಾಗ ಸೀಟಿನಲ್ಲಿ ಒಂಚೂರು ಒಳಗೆ ಸರಿಯುತ್ತಿದ್ದಳು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಾಗುತ್ತಿತ್ತು. ಮುರಿದ ಕಾಲು ನೋಯುತ್ತದೆ, ಅದಕ್ಕೆ ಸರಿಯುತ್ತಾಳೆ ಎಂದುಕೊಂಡಿದ್ದೆ. ಮಗನಾದವನು ಎಷ್ಟೊಂದು ವಿಷಯಗಳಿಗೆ ಮೊಣಕಾಲನ್ನೇ ಕಾರಣ ಮಾಡಿಕೊಂಡು ನೆಮ್ಮದಿಯಾಗಿರುತ್ತಾನೆ ನೋಡಿ.

ಆಕೆಗೆ ಸರಕಾರಿ ಎಸ್ಟಿ ಬಸ್ಸು ಬಹಳ ಇಷ್ಟ. ಕಿಟಕಿಗಳು ಖಡಖಡ ಎನ್ನುತ್ತವೆ, ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಎಲ್ಲ ತಗಡು. ಆದರೆ ಎರಡು ವರ್ಷದಿಂದ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಅದೇ ಹೊತ್ತಿಗೆ ಉದಗೀರದ ದೊಡ್ಡವ್ವ ಹಾಸಿಗೆ ಹಿಡಿದಳು. ವಾರಕ್ಕೊಮ್ಮೆ ಫೋನಿನಲ್ಲಿ "ಎಂದು ಬರ್ತಿ?" ಎನ್ನುವಳು. ಅವ್ವ "ಬರ್ತೀನಕ್ಕಾ" ಎನ್ನುವಳು. ಬಾಡಿಗೆ ಜೀಪು ತಂದೆ, ಅವ್ವ ಬಡಿದು ನೋಡಿ ತಲೆ ಅಲ್ಲಾಡಿಸಿದಳು. ಸಂಬಂಧಿಕರ ದೊಡ್ಡ ಕಾರು ತಂದೆ, ಅದರ ಕಿಟಕಿ ಗುಂಡಿ ಒತ್ತಿದರೆ ಮಾತ್ರ ಇಳಿಯುತ್ತದೆ ಎಂದು ತಿಳಿದು ಅದರ ನೆರಳಿಗೂ ಹೋಗಲಿಲ್ಲ. ದೊಡ್ಡವ್ವನ ದನಿ ವಾರದಿಂದ ವಾರಕ್ಕೆ ಸಣ್ಣದಾಗುತ್ತಿತ್ತು. ಅಕ್ಕತಂಗಿಯರು ಒಬ್ಬರನ್ನೊಬ್ಬರು ಕಾಣದೆಯೇ ಹೋಗಿಬಿಡುತ್ತಾರೆ ಎಂಬ ಭಯ ನನ್ನ ಎದೆಯೊಳಗೆ ಕೂತಿತ್ತು. ಭೂಕಂಪದ ನಂತರದ ಮೂರು ವರ್ಷ ನನ್ನನ್ನು ಮಡಿಲಲ್ಲಿಟ್ಟುಕೊಂಡವಳು ಆ ದೊಡ್ಡವ್ವ.

ಹೀಗಿರುವಾಗ ನನಗೆ ಹೊಳೆದದ್ದು ಡಬ್ಬಿ. ಲೋಕವೆಲ್ಲ ತಗಡು ಎಂದು ಜರಿದ ಗಾಡಿ ಅವ್ವನಿಗೆ ಹೇಳಿ ಮಾಡಿಸಿದ್ದಲ್ಲವೇ! ಉತ್ಸಾಹದಿಂದ ಶೋರೂಮಿಗೆ ಫೋನು ಮಾಡಿ ಮನೆಗೇ ಗಾಡಿ ತರಿಸಿದೆ. ತಂದ ಮನುಷ್ಯ ಆಳಂದ ಕಡೆಯವನು, ನರೆತ ಮೀಸೆ, ಕನ್ನಡ ಬರುತ್ತಿತ್ತು. ಅವ್ವ ಕೋಲೂರಿಕೊಂಡು ಬಂದಳು. ಬಾಗಿಲ ಮೇಲೆ ಗೆಣ್ಣಿನಿಂದ ಎರಡು ಸಲ ಬಡಿದಳು. ಕಿವಿಗೊಟ್ಟು ನಿಂತಳು. ಮುಖ ಇಳಿಯಿತು.

"ಇದು ಗಟ್ಟಿ ಅದ," ಎಂದಳು.

ಆ ಮನುಷ್ಯ ಅರಳಿದ. "ಹೌದ್ರೀ ಆಯಿ! ಮದ್ಲಿನಂಗ ಪತ್ರಾ ಅಲ್ರೀ ಇದು. ಪೂರಾ ಸುಧಾರಣಾ ಆಗ್ಯಾದ."

"ಮದ್ಲಿಂದೇ ಛಲೋ ಇತ್ತು," ಎಂದು ಅವ್ವ ಖೋಲಿಯ ಕಡೆ ತಿರುಗಿದಳು.

ಕಂಪನಿ ಸುಧಾರಿಸಿದ್ದರಿಂದ ನಷ್ಟವಾದ ಗಿರಾಕಿ ಈ ಭರತಖಂಡದಲ್ಲಿ ನಾನೊಬ್ಬನೇ ಇರಬೇಕು. ಆ ಮನುಷ್ಯ ಬಿಡಲಿಲ್ಲ, ವಾರಂಟಿಯ ಕಾಗದ ಬಿಚ್ಚಿ ಓದತೊಡಗಿದ. ಇಂಜಿನ್, ಗೇರ್‌ಬಾಕ್ಸ್, ವಾಯರಿಂಗ್, ಏನು ಕೆಟ್ಟರೂ ಪುಕ್ಕಟೆ ಬದಲಿ. ಅವ್ವ ನಿಂತು ಕೇಳಿದಳು.

"ಅದೆಲ್ಲಾ ಗಾಡಿಗಾತು. ಒಳಗಿದ್ದವ್ರಿಗಿ?"

"ಅಂದ್ರ, ಆಯಿ?"

"ಒಳಗ ಯಾರರೆ ಸಿಕ್ಕೊಂಡು, ಒಳಗಿಂದ ಕರದ್ರ, ಬರ್ತಾರ?"

"ಬರ್ತಾರ್ರೀ. ಅದೂ ವಾರಂಟಿದಾಗೇ ಅದ. ಇಲ್ಲೊಂದು ನಂಬರ್ ಅದ ನೋಡ್ರಿ. ಎಲ್ಲಿದ್ರೂ ಬರ್ತಾರ. ಹಗಲ ಇರ್ಲಿ, ರಾತ್ರಿ ಇರ್ಲಿ."

"ಮಳಿ ಇದ್ರ?"

"ಮಳಿ ಇದ್ರೂ ಬರ್ತಾರ್ರೀ."

ಅವ್ವ ಆ ಕಾಗದವನ್ನು ಕೈಗೆ ತೆಗೆದುಕೊಂಡಳು. ಓದಲು ಬಾರದವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಮಡಿಚಿ ನನ್ನ ಕೈಗೆ ಕೊಟ್ಟು, "ತಗೋ, ಶರಣಪ್ಪಾ," ಎಂದಳು. ಮಳೆಯ ಮಾತು ಯಾಕೆ ಬಂತು ಎಂದು ನನಗೆ ಹೊಳೆಯಲಿಲ್ಲ. ಅವ್ವ ಒಪ್ಪಿದಳು ಎಂಬ ಸಂತೋಷದಲ್ಲಿ ನಾನು ಆ ಮನುಷ್ಯನಿಗೆ ಎರಡೆರಡು ಸಲ ಚಹಾ ಕುಡಿಸಿದೆ.

ಉದಗೀರಕ್ಕೆ ಹೊರಟದ್ದು ಸಂಕ್ರಾಂತಿ ಮುಗಿದ ವಾರ. ಅವ್ವ ಹಿಂದಿನ ಎಡಗಡೆ, ಕಿಟಕಿಯನ್ನು ಹಿಡಿಕೆ ತಿರುಗಿಸಿ ಪೂರ್ತಿ ಇಳಿಸಿಕೊಂಡು. ಆಕೆಯನ್ನು ಹಿಡಿದುಕೊಳ್ಳಲು ಸುಮಂಗಲಾ ಪಕ್ಕದಲ್ಲಿ. ನನ್ನ ಪಕ್ಕದ ಸೀಟಿನ ಮೇಲೆ ದೊಡ್ಡವ್ವನಿಗೆಂದು ಕಟ್ಟಿದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಂಟು. ಓಣಿ ದಾಟಿದ್ದೇ ತಡ, ಗಾಡಿ ಟಿಣ್ ಟಿಣ್ ಎನ್ನತೊಡಗಿತು. ಮುಂದಿನ ಫಲಕದಲ್ಲಿ ಒಂದು ಕೆಂಪು ಚಿತ್ರ. ಹೊರಟ ಕೂಡಲೇ ಗಾಡಿ ಕೆಟ್ಟಿತೆಂದು ಬದಿಗೆ ನಿಲ್ಲಿಸಿದೆ. ರಫೀಕನಿಗೆ ಫೋನು ಮಾಡಿದೆ. ಅವನು ನಕ್ಕ. "ಮಾಸ್ತರ, ಪಕ್ಕದಾಗ ಯಾರೋ ಕುಂತಾರಂತ ತಿಳದಾದ ಅದು. ಬೆಲ್ಟ್ ಹಾಕ್ಕೋ ಅಂತ ಹೇಳ್ಳಿಕತ್ತಾದ. ಗಂಟು ಎತ್ತು." ಸುಮಂಗಲಾ ಗಂಟನ್ನು ಹಿಂದಕ್ಕೆ ಎಳೆದುಕೊಂಡಳು, ಸದ್ದು ನಿಂತಿತು. ರೊಟ್ಟಿಗೂ ಮನುಷ್ಯರಿಗೂ ವ್ಯತ್ಯಾಸ ತಿಳಿಯದ ಗಾಡಿ ಎಂದು ನಾವು ಮೂವರೂ ನಕ್ಕೆವು.

ಮಧ್ಯಾಹ್ನವಾಗುತ್ತ ಬಂದಿತ್ತು. ರಸ್ತೆಯ ಎರಡೂ ಕಡೆ ಕೊಯ್ದ ತೊಗರಿಯ ಹೊಲಗಳು. ಮುಂದೆ ಹಿಂದೆ ಒಂದು ವಾಹನವಿಲ್ಲ. ಗಾಡಿ ಚೆನ್ನಾಗಿ ಓಡುತ್ತಿತ್ತು, ಅದನ್ನು ಹೇಳಲೇಬೇಕು. ತಗ್ಗು ಬಂದರೂ ಖಡಖಡ ಇಲ್ಲ. ನಾನು ಮನಸ್ಸಿನಲ್ಲೇ ಕಂಪನಿಯನ್ನು ಹೊಗಳುತ್ತ ಹಳೆ ಊರಿನ ಫಾಟಾದ ಹತ್ತಿರ ಬಂದೆ.

ಟಿಣ್ ಟಿಣ್ ಟಿಣ್.

ಪಕ್ಕದ ಸೀಟು ನೋಡಿದೆ. ಖಾಲಿ. ಒಂದು ಕಾಗದದ ಚೂರು ಸಹ ಇಲ್ಲ. ಸದ್ದು ನಿಂತಿತು. ಮತ್ತೆ ಬಂತು. ಮೂರು ಸಲ, ಬಿಡುವು, ಮೂರು ಸಲ. ಬೆಳಿಗ್ಗೆ ಹೀಗೆ ಬಿಟ್ಟು ಬಿಟ್ಟು ಬಂದಿರಲಿಲ್ಲ ಎಂಬುದು ನನಗೆ ಚೆನ್ನಾಗಿ ನೆನಪಿತ್ತು. ಎಡಗೈ ಚಾಚಿ ಸೀಟು ಮುಟ್ಟಿದೆ. ಬೆಚ್ಚಗಿತ್ತು. ಬಿಸಿಲಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಬಿಸಿಲು ಬೀಳುತ್ತಿದ್ದುದು ನನ್ನ ಕಡೆಯಿಂದ, ಆ ಸೀಟು ನೆರಳಿನಲ್ಲಿತ್ತು.

ಹಿಂದಿನಿಂದ ಅವ್ವ ಹೇಳಿದಳು, "ನಿಂದರಸು."

ರಸ್ತೆಯ ಬದಿಗೆ ನಿಲ್ಲಿಸಿದೆ. ಇಂಜಿನ್ ಚಾಲೂ ಇತ್ತು. ಕನ್ನಡಿಯಲ್ಲಿ ನೋಡಿದರೆ ಅವ್ವ ಮುಂದಕ್ಕೆ ಬಾಗಿ ಆ ಖಾಲಿ ಸೀಟಿನ ಬೆನ್ನಿನ ಮೇಲೆ ಅಂಗೈ ಇಟ್ಟಿದ್ದಳು. ಆಕೆಯ ಕಣ್ಣು ಫಲಕದ ಕೆಂಪು ಚಿತ್ರದ ಮೇಲಿತ್ತು. ಬೆಳಿಗ್ಗೆ ನಾನದನ್ನು ಸರಿಯಾಗಿ ನೋಡಿರಲಿಲ್ಲ. ಕೂತಿರುವ ಒಬ್ಬ ಮನುಷ್ಯ, ಅವನ ಎದೆಗೆ ಅಡ್ಡವಾಗಿ ಒಂದು ಪಟ್ಟಿ.

"ಎದಿ ಮ್ಯಾಲ ತೊಲಿ ಬಿದ್ದಾದ," ಎಂದಳು ಅವ್ವ.

ಸದ್ದು ತಡೆಯಲಾರದೆ ನಾನು ಆ ಸೀಟಿನ ಬೆಲ್ಟಿಗೆ ಕೈ ಹಾಕಿದೆ. ಅದನ್ನು ಎಳೆದು ಕೊಂಡಿಗೆ ಸಿಕ್ಕಿಸಿದರೆ ಗಾಡಿ ಸುಮ್ಮನಾಗುತ್ತದೆ ಎಂದು ತಿಳಿದಿತ್ತು.

"ಕಟ್ಟಬ್ಯಾಡ!" ಅವ್ವ ಚೀರಿದಳು. ಆಕೆ ಹಾಗೆ ಚೀರಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ಮತ್ತ ಕಟ್ಟಿ ಹಾಕ್ತೀಯೇನೋ ಅವ್ರಿಗಿ? ಅವ್ರು ನಿಮ್ಮಪ್ಪ."

ಆಮೇಲೆ ಅವ್ವ ಮಾತಾಡಿದಳು. ಇಷ್ಟು ವರ್ಷ ಆಡದ ಮಾತನ್ನು ಆ ಸೀಟಿನ ಬೆನ್ನಿಗೆ ಹೇಳಿದಳು.

"ಬೆಳಕಾದ ಮ್ಯಾಲ ಬಡೀಲಿಕತ್ತಿದ್ರು. ಕಲ್ಲಿನ ಬುಡಕ ಇದ್ರು. ಮೂರು ಸಲ ಬಡೀತಿದ್ರು, ನಿಂದ್ರತಿದ್ರು. ನಾ ಮ್ಯಾಲಿಂದ ಕಲ್ಲಿಲೆ ಎರಡು ಸಲ ಬಡೀತಿದ್ದೆ, ಇಲ್ಲೇ ಇದ್ದೀನಿ ಅಂತ. ಕಾಲು ಮುರದಿತ್ತು, ಕೈಲೆ ಎಷ್ಟು ಕಲ್ಲು ತೆಗೀಲಿ? ಮಳಿ ಬಂತು. ಟ್ರ್ಯಾಕ್ಟರದವ್ರು ಬಂದು ನನಗ ಎತ್ತಿ ಹಾಕ್ಕೊಂಡ್ರು. ಇನ್ನಾ ಬಡೀಲಿಕತ್ತಾರ, ಬಿಡ್ರಿ ನನಗ ಅಂತ ಒದರಿದೆ. ಮಂದಿ ಬರ್ತಾರ, ಮಂದಿ ಬರ್ತಾರ ಅಂದ್ರು. ಟ್ರ್ಯಾಕ್ಟರ್ ಸುರು ಆತು. ಆಮ್ಯಾಲ ಆವಾಜ ಕೇಳ್ಳಿಲ್ಲ. ಮಂದಿ ಬಂದಿದ್ದು ಎರಡು ದಿನಕ್ಕ. ತೊಲಿ ಬುಡಕ ಕುಂತಂಗೇ ಇದ್ರಂತ."

ಟಿಣ್ ಟಿಣ್ ಟಿಣ್.

ಅವ್ವ ಗೆಣ್ಣಿನಿಂದ ಆ ಸೀಟಿನ ಬೆನ್ನಿಗೆ ಎರಡು ಸಲ ಬಡಿದಳು. ಎರಡು ಸಲ ಯಾಕೆ ಬಡಿಯುತ್ತೇವೆ ಎಂದು ನನಗೆ ಆಗ ತಿಳಿಯಿತು. ಬಸವಕಲ್ಯಾಣದ ಆ ಪಡಸಾಲೆಯಿಂದ ಹಿಡಿದು ಜೀವನವಿಡೀ ನಾನು ಬಡಿದ ಗೋಡೆಗಳೆಲ್ಲ ನೆನಪಾದವು. ಗೋಡೆಯ ದಪ್ಪ ಅಳೆಯುತ್ತಿದ್ದೇನೆಂದುಕೊಂಡು ನಾನು ಇಷ್ಟು ವರ್ಷ ಅಪ್ಪನಿಗೆ ಉತ್ತರ ಕೊಡುತ್ತ ಬಂದಿದ್ದೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

"ಇಳಿ. ಬಾಕಲಾ ತೆರಿ," ಎಂದಳು ಅವ್ವ.

ಇಳಿದೆ. ಗಾಡಿಯ ಮುಂದಿನಿಂದ ಸುತ್ತು ಹಾಕಿ ಆ ಕಡೆ ಹೋಗಬೇಕು, ನಾಲ್ಕು ಹೆಜ್ಜೆಯ ದಾರಿ. ಗಾಜಿನೊಳಗೆ ನೋಡಬಾರದು ಎಂದು ನೆಲ ನೋಡುತ್ತಲೇ ಹೋದೆ. ಎಡಬಾಗಿಲ ಹಿಡಿಕೆ ಹಿಡಿದು, ಯಾಕೋ ಹಾಗೇ ತೆರೆಯಲಾಗದೆ, ಗೆಣ್ಣಿನಿಂದ ಎರಡು ಸಲ ಬಡಿದೆ. ಆಮೇಲೆ ಪೂರ್ತಿ ತೆರೆದೆ.

ಸದ್ದು ನಿಂತಿತು. ಬಾಗಿಲು ತೆರೆದಿದೆ ಎಂದು ಹೇಳಲು ಗಾಡಿ ಬೇರೊಂದು ಸದ್ದು ಮಾಡಬೇಕು, ಅದೂ ಬರಲಿಲ್ಲ. ಸೀಟಿನ ಮೆತ್ತೆಯಲ್ಲಿದ್ದ ತಗ್ಗು ಸಾವಕಾಶ ಮೇಲೆದ್ದು ಸಮವಾಯಿತು. ಅದನ್ನು ಕಂಡೆನೋ, ಕಂಡೆನೆಂದುಕೊಂಡೆನೋ, ಆಣೆ ಮಾಡಿ ಹೇಳಲಾರೆ. ಆದರೆ ಸುಮಂಗಲಾಳನ್ನು ಕಂಡೆ. ಮಾವನನ್ನು ಎಂದೂ ನೋಡದ ಸೊಸೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ತಲೆ ತಗ್ಗಿಸಿ ಕೂತಿದ್ದಳು. ನಾನು ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟೆ.

"ಹೊರಗ ಬಂದ್ರು," ಎಂದಳು ಅವ್ವ. ಸೀಟಿನ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

ನಿಲಂಗಾದ ಕಡೆಯಿಂದ ಒಂದು ಎಸ್ಟಿ ಬಸ್ಸು ಬಂತು. ಇನ್ನೇನು ಫಾಟಾಕ್ಕೆ ನಿಲ್ಲುತ್ತದೆ ಎಂದು ನೋಡುತ್ತಿದ್ದೆ. ಗಂಟೆ ಕೇಳಲಿಲ್ಲ. ಅದು ವೇಗ ತಗ್ಗಿಸದೆ ಧೂಳೆಬ್ಬಿಸಿಕೊಂಡು ಉಮರ್ಗಾದ ಕಡೆ ಹೋಯಿತು.

ಉದಗೀರದಲ್ಲಿ ದೊಡ್ಡವ್ವ ಸ್ಲ್ಯಾಬಿನ ಮನೆಯ ಒಳಕೋಣೆಯಲ್ಲಿ ಮಲಗಿದ್ದಳು. ಅವ್ವ ಕೋಲೂರಿಕೊಂಡು ನೇರ ಒಳಗೆ ಹೋಗಿ ಹಾಸಿಗೆಯ ಅಂಚಿಗೆ ಕೂತಳು. ಇಬ್ಬರೂ ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ದೊಡ್ಡವ್ವ ತಂಗಿಯ ಮುಖವನ್ನು ಅನುಮಾನದಿಂದ ನೋಡಿದಳು.

"ಗೋಡಿ ಬಡೀಲಿಲ್ಲಲ್ಲೇ?"

"ಮುಗೀತಕ್ಕಾ ಅದು," ಎಂದಳು ಅವ್ವ, ರೊಟ್ಟಿಯ ಗಂಟು ಬಿಚ್ಚುತ್ತ.

ಮೊದಲ ಸರ್ವಿಸಿಗೆ ಗಾಡಿ ಬಿಟ್ಟಾಗ, ಬೆಲ್ಟಿನ ಸದ್ದು ಖಾಲಿ ಸೀಟಿಗೂ ಬಂತು ಎಂದಷ್ಟೇ ಬರೆಸಿದೆ. ಅವರು ಯಂತ್ರ ಹಚ್ಚಿ ನೋಡಿದರು. ಯಾವ ದೋಷವೂ ಇಲ್ಲ, ದೋಷವಾಗಿದ್ದ ಗುರುತೂ ಇಲ್ಲ. ಬೇಕಿದ್ದರೆ ಸೆನ್ಸರನ್ನೇ ವಾರಂಟಿಯಲ್ಲಿ ಪುಕ್ಕಟೆ ಬದಲಿಸಿ ಕೊಡುತ್ತೇವೆ ಎಂದರು. ಬೇಡ ಎಂದೆ. ಅದು ಆಮೇಲೆ ಒಮ್ಮೆಯೂ ಸುಮ್ಮಸುಮ್ಮನೆ ಕೂಗಿಲ್ಲ. ಫಾಟಾ ದಾಟಿ ಎಂಟು ಹತ್ತು ಸಲ ಹೋಗಿ ಬಂದಿದ್ದೇನೆ. ರಫೀಕನಿಗೆ ಮಾತ್ರ ಎಲ್ಲ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. ಅವನು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, ಕಣ್ಣು ಮುಚ್ಚಿ, ಅಪ್ಪನ ಹೆಸರಿನಲ್ಲಿ ಬಾಯೊಳಗೇ ಏನೋ ಪ್ರಾರ್ಥಿಸಿದ.

ಹಾಗಾದರೆ ಜಾಧವ ಸರ್‌ಗೆ ಏನು ಹೇಳಲಿ? ತಗಡು ದಪ್ಪವಾಗಿದೆ, ಹಿಡಿಕೆ ಕೈಗೆ ಬರುವುದಿಲ್ಲ, ಮಳೆ ಒಳಗೆ ಬರುವುದಿಲ್ಲ. ವಾರಂಟಿಯಲ್ಲಿ ಬರೆದ ನಂಬರಿಗೆ ಕರೆದರೆ ಬರುತ್ತಾರೋ ಇಲ್ಲವೋ ಗೊತ್ತಿಲ್ಲ, ಕರೆಯುವ ಪ್ರಸಂಗ ಇನ್ನೂ ಬಂದಿಲ್ಲ. ಅಕ್ಕತಂಗಿಯರನ್ನು ಅದು ಸೇರಿಸಿತು, ನನಗೆ ಅಷ್ಟು ಸಾಕು. ಕೊಳ್ಳಿರಿ ಸರ್ ಎಂದೇ ಹೇಳುತ್ತೇನೆ, ನಾಳೆ.

ಕಳೆದ ವಾರ ಜಳಕೋಟದಲ್ಲಿ ನಂಟರ ಮನೆಯ ತೊಟ್ಟಿಲ ಕಾರ್ಯಕ್ರಮವಿತ್ತು. ಅವ್ವ ನನಗಿಂತ ಮೊದಲೇ ಹೋಗಿ ಹಿಂದೆ ಕೂತಿದ್ದಳು. ನಾನು ಬಂದವನು ಹಳೆಯ ಚಟದ ಪ್ರಕಾರ ಮುಂದಿನ ಎಡಬಾಗಿಲ ಮೇಲೆ ಎರಡು ಸಲ ಬಡಿದು, ಕಿವಿಗೊಟ್ಟು ನಿಂತೆ. ಒಳಗಿನಿಂದ ಏನೂ ಕೇಳಲಿಲ್ಲ. ಆದರೂ ನಿಂತೇ ಇದ್ದೆ.

ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಅಲ್ಲಿ ಈಗ ಯಾರೂ ಇಲ್ಲೋ, ತಮ್ಮಾ," ಎಂದಳು. "ಬಾ, ಹೊತ್ತಾಗ್ತದ, ನಡಿ."